ಹಾವಿನ ಗಿಡಕ್ಕೆ ನೀರು

ಕುಂಡದ ಒಂದು ಅಂಚನ್ನು ಗೋದಾವರಿ ಎಳೆಯುತ್ತಿದ್ದಳು. ಇನ್ನೊಂದು ಅಂಚನ್ನು ನಿಶಾ ಬಿಡುತ್ತಿರಲಿಲ್ಲ. ತಾರಸಿಯ ಮೆಟ್ಟಿಲ ಬುಡದಲ್ಲಿ, ಇಬ್ಬರ ನಡುವೆ, ದೊಡ್ಡ ಮಣ್ಣಿನ ಕುಂಡ ವಾಲಿಕೊಂಡಿತ್ತು. ಕತ್ತಿಯಂತೆ ನೆಟ್ಟಗೆ ನಿಂತ ಪಟ್ಟೆಪಟ್ಟೆ ಎಲೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಎಲೆಗಳ ನಡುವಿನಿಂದ ಎರಡು ದಂಟು ಎದ್ದಿದ್ದವು. ಒಂದರ ಹೂಗಳು ಹಿಂದಿನ ಸಂಜೆ ಅರಳಿ ಈಗ ಜೋತು ಬಿದ್ದಿದ್ದವು. ಇನ್ನೊಂದರ ಮೊಗ್ಗು ಇನ್ನೂ ಬಿಗಿದುಕೊಂಡೇ ಇತ್ತು.

"ಬಿಡು ಗೋ ನಿಶಾ. ನೀ ಬಸರಿ, ಇದನ್ನ ಮುಟ್ಟೂದೇ ಬ್ಯಾಡಾಗಿತ್ತು. ಅವಳ್ನ ಹೊರಗೆ ತರೂ ಮೊದ್ಲು ಇದು ಗೇಟಿನ ಆಚೆ ಹೋಗ್ಬೇಕು."

"ಇರ್ಲಿ ದೊಡ್ಡಮ್ಮ. ಅತ್ತೆ ಇದನ್ನ ಯಾಕೆ ಇಟ್ಕೊಂಡಿದ್ರು ಅಂತ ನಂಗೆ ಗೊತ್ತಾಗ್ಬೇಕು."

"ಹೆಂಗೆ ಗೊತ್ತಾಗೂದು? ಸತ್ತವಳ ಕೇಳ್ತ್ಯಾ?"

ಒಳಗೆ ಹಜಾರದಲ್ಲಿ ಸುಗಂಧಾಳನ್ನು ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದ್ದರು. ಅರವತ್ತೇಳು ವರ್ಷ. ಬೆಳಿಗ್ಗೆ ಆರಕ್ಕೆ ಮಗ ರೂಪೇಶ ಟಾಂಕಿಯಲ್ಲಿ ನೀರು ಎಷ್ಟು ಉಳಿದಿದೆ ಎಂದು ನೋಡಲು ತಾರಸಿಗೆ ಹೋದಾಗ, ಟಾಂಕಿಯ ಹಿಂದಿನ ಸಂದಿಯಲ್ಲಿ ತಾಯಿ ಕುಳಿತಿದ್ದಳು. ಬೆನ್ನು ಟಾಂಕಿಗೆ ಆನಿಕೊಂಡಿತ್ತು, ಬಲಗೈ ಕುಂಡದ ಮೇಲಿತ್ತು, ಪಕ್ಕದಲ್ಲಿ ಖಾಲಿ ಕೊಡ. ಕೈ ತೆಗೆಯಲು ಹೋದರೆ ಬೆರಳುಗಳು ಒದ್ದೆ ಮಣ್ಣಿನಲ್ಲಿ ಹೂತುಕೊಂಡಿದ್ದವು. ಡಾಕ್ಟರು ಬಂದು, ನಸುಕಿನಲ್ಲೇ ಹೃದಯ ನಿಂತಿದೆ ಎಂದರು.

ರೂಪೇಶ ಕೂಗಿದ ಆ ಕೂಗಿಗೆ ಕೆಳಗೆ ಅವನ ಹೆಂಡತಿ ನಿಶಾ ಎದ್ದು ಕುಳಿತಿದ್ದಳು. ಅವಳಿಗೆ ಆರು ತಿಂಗಳು. ದಿನವೂ ಬೆಳಗಿನ ಚಹಾದ ಹೊತ್ತಿಗೆ ಹೊಟ್ಟೆಯೊಳಗಿನದು ಮಗ್ಗುಲು ಬದಲಿಸುತ್ತಿತ್ತು. ಇವತ್ತು ಆ ಕೂಗಿನ ನಂತರ ಅದು ಅಲ್ಲಾಡಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಗೋದಾವರಿ ಸುಗಂಧಾಳ ಅಕ್ಕ. ಸುದ್ದಿ ತಿಳಿದು ಅಂಕೋಲೆಯಿಂದ ಎಂಟಕ್ಕೆಲ್ಲ ಬಂದಿಳಿದಿದ್ದಳು. ತಂಗಿಯ ಮುಖ ನೋಡಿ ಅತ್ತು, ಕಣ್ಣು ಒರೆಸಿಕೊಂಡು ತಲೆ ಎತ್ತಿದವಳೇ ಕೇಳಿದ್ದು ಒಂದೇ ಮಾತು: "ಈ ವಾಸನೆ ಎಲ್ಲಿಂದ ಬರ್ತದೆ?" ಊದುಬತ್ತಿಯ ಹೊಗೆಯನ್ನೂ ದಾಟಿ ಅದು ಬರುತ್ತಿತ್ತು. ಮಲ್ಲಿಗೆಯೂ ಅಲ್ಲ, ಕೇದಗೆಯೂ ಅಲ್ಲ. ಸಿಹಿ, ಆದರೆ ಸಿಹಿಯ ಕೆಳಗೆ ಎಂಥದೋ ತಣ್ಣಗಿನದು. ಆ ವಾಸನೆಯನ್ನು ಹಿಡಿದೇ ಅವಳು ತಾರಸಿಗೆ ಹೋಗಿ ಕುಂಡವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದಳು.

"ಮೊದ್ಲನೇ ಸಲ ಹೂ ಬಿಟ್ಟಾಗ ಇವಳ ಗಂಡ ಶಾಂತಾರಾಮ ಹೋದ," ಗೋದಾವರಿ ದನಿ ತಗ್ಗಿಸಿದಳು. "ಎರಡನೇ ಸಲ..." ಅವಳ ಕಣ್ಣು ನಿಶಾಳ ಹೊಟ್ಟೆಗೆ ಹೋಗಿ ತಟ್ಟನೆ ಬೇರೆ ಕಡೆ ಹೊರಳಿತು. "ಈಗ ಇವಳು. ದಂಟು ಎರಡು ಅದೆ ನಿಶಾ. ಒಂದು ಅರಳಿತು. ಇನ್ನೊಂದು ಯಾರಿಗೆ?"

ನಿಶಾ ಕುಂಡ ಬಿಡಲಿಲ್ಲ.

*

ಆ ಗಿಡ ಮಲ್ಲಾಪುರದ ಟೌನ್‌ಶಿಪ್ಪಿನದು. ಶಾಂತಾರಾಮನಿಗೆ ಅಲ್ಲಿನ ಸ್ಟೋರಿನಲ್ಲಿ ಕೆಲಸವಿದ್ದಾಗ ಅವರು ಕ್ವಾರ್ಟರ್ಸಿನಲ್ಲಿ ಇಪ್ಪತ್ತಾರು ವರ್ಷ ಇದ್ದರು. ಎಲ್ಲೆಲ್ಲಿಂದಲೋ ಬಂದ ಜನ, ವರ್ಗವಾದೊಡನೆ ಲಾರಿಗೆ ಸಾಮಾನು ಹೇರಿ ಹೋಗಿಬಿಡುತ್ತಿದ್ದರು. ಲಾರಿಯಲ್ಲಿ ಗಿಡಗಳಿಗೆ ಜಾಗವಿರುತ್ತಿರಲಿಲ್ಲ. ಬಿಟ್ಟುಹೋದ ತುಳಸಿ, ಕ್ರೋಟನ್, ಗುಲಾಬಿಗಳು ಖಾಲಿ ಮನೆಯ ಮೆಟ್ಟಿಲ ಮೇಲೆ ಒಣಗುತ್ತಿದ್ದವು. ಸುಗಂಧಾ ಸಂಜೆ ಹೋಗಿ ಬದುಕುವಂಥವನ್ನು ಎತ್ತಿಕೊಂಡು ಬರುತ್ತಿದ್ದಳು. ಹಾವಿನ ಗಿಡ ಹಾಗೆ ಬಂದದ್ದು. ಯಾರೂ ನೀರು ಹಾಕದ ಮನೆಯೊಂದರ ಹಿಂದೆ, ಎರಡು ಬೇಸಿಗೆ ಕಳೆದು, ಅದೊಂದೇ ಹಸಿರಾಗಿತ್ತು.

ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ದೊಡ್ಡ ಹೊಲಿಗೆಯೇನಲ್ಲ. ಪ್ರತಿ ಜೂನ್‌ನಲ್ಲಿ ಟೌನ್‌ಶಿಪ್ಪಿನ ಮಕ್ಕಳು ಕಳೆದ ವರ್ಷದ ಯೂನಿಫಾರ್ಮು ತರುತ್ತಿದ್ದರು. ಮಡಿಸಿದ ಅಂಚನ್ನು ಬಿಚ್ಚಿ, ಬೆರಳೆರಡು ಉದ್ದ ಮಾಡಿ, ಹಳೆಯ ಮಡಿಕೆಯ ಗುರುತು ಕಾಣದಂತೆ ಇಸ್ತ್ರಿ ಹೊಡೆದು ಕೊಡುತ್ತಿದ್ದಳು. ಯಾವ ಮಗು ಎಷ್ಟು ಬೆಳೆದಿದೆ ಎಂದು ತಾಯಂದಿರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

ಶಾಂತಾರಾಮ ನಿವೃತ್ತನಾಗಿ ಕಾರವಾರದ ಹಬ್ಬುವಾಡದಲ್ಲಿ ಈ ಮನೆ ಕಟ್ಟಿಸಿದಾಗ ಒಂದು ಕುಂಡ ಹನ್ನೊಂದಾಗಿತ್ತು. ಮೂಲದ ಗಿಡ ಮಾತ್ರ ಅದೇ ಹಳೆಯ ಕುಂಡದಲ್ಲಿ, ಬೇರು ತುಂಬಿ ಕುಂಡ ಬಿರಿದಿದ್ದರೂ, ಹಾಗೇ ಇತ್ತು. ಒಂದು ಫೆಬ್ರವರಿ ಸಂಜೆ ಅದರ ನಡುವೆ ದಂಟೊಂದು ಎದ್ದು ಹಸಿರುಬಿಳಿಯ ಸಣ್ಣ ಹೂ ಬಿಟ್ಟಿತು. ಹೂವಿನ ಬುಡದಲ್ಲಿ ಜೇನಿನಂಥ ಅಂಟು ಹನಿ. "ಇದೂ ಹೂ ಬಿಡ್ತದೆ ಅಂತ ಗೊತ್ತೇ ಇರ್ಲಿಲ್ಲ ಗೋ," ಎಂದು ಶಾಂತಾರಾಮ ಕುರ್ಚಿ ತಂದು ಅದರ ಪಕ್ಕ ಕುಳಿತ. ಬೆಳಿಗ್ಗೆ ನೋಡಿದರೆ ಅದೇ ಕುರ್ಚಿಯಲ್ಲಿ ತಣ್ಣಗಾಗಿದ್ದ.

ಸುಗಂಧಾ ಆ ಹೂವಿಗೆ ಹೆದರಲಿಲ್ಲ. ಗಂಡ ಕೊನೆಗೆ ಮೂಸಿದ್ದು ಆ ವಾಸನೆ. ಅದು ಬಂದರೆ ಅವನು ಪಕ್ಕದಲ್ಲಿ ಕುಳಿತ ಹಾಗೆ ಆಗುತ್ತದೆ ಎಂದುಕೊಂಡಳು. ಮತ್ತೆ ಹೂ ಬಿಡಿಸುವುದನ್ನು ತಾನೇ ಕಲಿತಳು. ಆ ಗಿಡದ ಬೇರಿಗೆ ಜಾಗ ಕೊಡಬಾರದು. ದೀಪಾವಳಿಯಿಂದ ಶಿವರಾತ್ರಿಯವರೆಗೆ ನೀರು ಕೊಡಬಾರದು. ಬೆಳಗಿನ ಬಿಸಿಲು ಬೀಳುವ ಮೆಟ್ಟಿಲ ಮೇಲೆ ಇಟ್ಟು ಮರೆತ ಹಾಗೆ ಇರಬೇಕು. ಸಾಯುತ್ತೇನೆ ಎಂದು ಗಿಡಕ್ಕೆ ಅನ್ನಿಸಬೇಕು, ಆದರೆ ಸಾಯಬಾರದು. ಮೂರು ವರ್ಷ ಹೀಗೆ ಕಾದಳು. ನಾಲ್ಕನೆಯ ವರ್ಷ ದಂಟು ಎದ್ದಿತು. ನೆರೆಹೊರೆಯವರು ಬಂದು ಫೋಟೋ ತೆಗೆದರು.

ಹೂ ಬಿಟ್ಟ ಮರುದಿನ ನಿಶಾಳ ಐದು ತಿಂಗಳ ಬಸಿರು ಇಳಿಯಿತು.

ಆಸ್ಪತ್ರೆಯಿಂದ ಬಂದವಳು ಬಾಗಿಲಲ್ಲಿ ನಿಂತು ಹೇಳಿದಳು, "ಅತ್ತೆ, ನಿಮ್ಮ ಗಿಡ ನನ್ನ ಮಗೂನ ತಿಂತು." ಸುಗಂಧಾ ಅವಳ ಕೈಯ ಚೀಲ ತೆಗೆದುಕೊಂಡು ಒಳಗಿಟ್ಟಳು. ಅದೇ ವಾರ ಹನ್ನೊಂದೂ ಕುಂಡ ಮೆಟ್ಟಿಲಿನಿಂದ ಕಾಣೆಯಾದವು. ಎಲ್ಲ ಕೊಟ್ಟೆ ಎಂದಳು. ಅತ್ತೆ ಸೊಸೆ ಮತ್ತೆ ಒಟ್ಟಿಗೆ ಚಹಾ ಕುಡಿದರು, ಮೀನು ಹೆಚ್ಚಿದರು, ಧಾರಾವಾಹಿ ನೋಡಿದರು. ಆ ಮಾತು ಮಾತ್ರ ಇಬ್ಬರ ನಡುವೆ ಹಾಗೇ ಉಳಿಯಿತು. ನಿಶಾ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾಳೆ, ನಾಳೆ ಎಂದು ಎರಡು ವರ್ಷ ಹೋಯಿತು.

*

"ಹೊತ್ತಾಯ್ತು," ಎಂದು ಹೊರಗಿನಿಂದ ಮಾಬ್ಲೇಶ್ವರ ಕೂಗಿದ. ಪಕ್ಕದ ಮನೆಯವನು, ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. ಕೇರಿಯ ಸಾವುಗಳನ್ನೆಲ್ಲ ಅವನೇ ಮುಂದೆ ನಿಂತು ಸಾಗಿಸುತ್ತಿದ್ದ. "ಹನ್ನೊಂದೂವರೆಗೆ ಗಾಡಿ ಹೊರಡ್ಬೇಕು. ಯಾರ್ ಯಾರು ಹೆಗಲು ಕೊಡ್ತ್ರಿ?"

ರೂಪೇಶ ಮುಂದೆ ಬಂದ. ಹಿಂದಿನಿಂದ ಯಾರೋ ಮುದುಕರು ಗಂಟಲು ಸರಿಮಾಡಿಕೊಂಡರು. "ಬಸರಿ ಹೆಂಡ್ತಿ ಇದ್ದವ ಹೆಣ ಹೊರೂದಿಲ್ಲ ಅಂತಾರೆ."

"ತಾಯಿಗೆ ಕೊಡ್ದೆ ಇನ್ಯಾರಿಗೆ ಕೊಡ್ತಾನೋ ಹೆಗಲು?" ಮಾಬ್ಲೇಶ್ವರ ತಿರುಗಿ ನೋಡದೆ ಅಂದ. "ಸುಗಂಧಾಬಾಯಿ ನನ್ನ ಪ್ಯಾಂಟು ಮೂರು ಸಲ ಬಿಚ್ಚಿ ಹೊಲ್ದಾಳೆ. ನಾ ಉದ್ದ ಆಗ್ಲಿಲ್ಲ, ಹೊಟ್ಟೆ ಅಗಲ ಆಯ್ತು. ನಾನೇ ಮುಂದಿನ ಹೆಗಲು. ರೂಪೇಶ ಹಿಂದೆ ಬರ್ಲಿ."

ಅಳುತ್ತಿದ್ದ ಹೆಂಗಸರಲ್ಲಿ ಒಂದಿಬ್ಬರು ಸೆರಗಿನೊಳಗೆ ನಕ್ಕರು. ಗೋದಾವರಿ ನಗಲಿಲ್ಲ.

"ಮಾಬ್ಲೇಶ್ವರಾ, ಈ ಕುಂಡನೂ ಗಾಡೀಲಿ ಹಾಕ್ಕೊಂಡು ಹೋಗು. ಸಮುದ್ರಕ್ಕೆ ಬಿಡು."

"ಅಕ್ಕಾ, ಹೆಣದ ಗಾಡೀಲಿ ಬೇರುಳ್ಳದ್ದು ಎಂತದೂ ಹಾಕೂದಿಲ್ಲ. ಬಂದ ಮೇಲೆ ನೋಡುವ."

ಸುಗಂಧಾಳನ್ನು ಎತ್ತಿದರು. ಬಸರಿ ಹೆಣದ ಮುಂದೆ ಬರಬಾರದೆಂದು ನಿಶಾಳನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದ್ದರು. ಅವಳು ಅಲ್ಲಿಂದಲೇ ಅತ್ತೆಯ ಬಲಗೈ ನೋಡಿದಳು. ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಕಪ್ಪು ಮಣ್ಣು ಉಳಿದಿತ್ತು.

ಗಾಡಿ ಹೋದ ಮೇಲೆ ಹಜಾರ ತೊಳೆದರು. ತಲೆ ಇದ್ದ ಜಾಗದಲ್ಲಿ ಗೋದಾವರಿ ಅಕ್ಕಿಹಿಟ್ಟನ್ನು ಜರಡಿ ಹಿಡಿದು ತೆಳ್ಳಗೆ ಉದುರಿಸಿದಳು. ಬದಿಗೆ ಎಣ್ಣೆಯ ದೀಪವಿಟ್ಟು, ಮೇಲೆ ಬಿದಿರಿನ ದೊಡ್ಡ ಬುಟ್ಟಿ ಕವುಚಿದಳು. ಗಂಡಸರು ಸ್ಮಶಾನದಿಂದ ಬರುವವರೆಗೆ ಅದನ್ನು ಯಾರೂ ತೆಗೆಯಬಾರದು. ತೆಗೆದಾಗ ಹಿಟ್ಟಿನ ಮೇಲೆ ಏನಾದರೂ ಗುರುತು ಇರುತ್ತದೆ: ಹಕ್ಕಿಯದೋ ದನದ್ದೋ ಮನುಷ್ಯನದೋ. ಹೋದವರು ಏನಾಗಿ ಹೋದರು ಎಂದು ಅದರಿಂದ ತಿಳಿಯುತ್ತದೆ.

"ಹೊರಗೆ ಮುಖ ಮಾಡಿದ ಗುರುತು ಇದ್ರೆ ಹೋದವಳು ಮನೇಯಿಂದ ಇನ್ನೊಬ್ಬರನ್ನ ಕರ್ಕೊಂಡು ಹೋಗ್ತಾಳೆ," ಗೋದಾವರಿ ಹೆಂಗಸರಿಗೆ ಹೇಳುತ್ತಿದ್ದಳು. "ಒಳಗೆ ಮುಖ ಮಾಡಿದ್ರೆ ಅವಳೇ ತಿರುಗಿ ಬರ್ತಾಳೆ. ನಮ್ಮ ಅತ್ತೆ ಹೋದಾಗ ಹೊರಗೇ ಇತ್ತು. ತಿಂಗಳೊಳಗೆ ಮೈದುನ ಹೋದ."

ಹೆಂಗಸರು ನಿಶಾಳ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಎಲ್ಲರೂ ಕಷ್ಟಪಡುತ್ತಿದ್ದರು.

*

ಸೋಮಿ ಬಂದಾಗ ಮಧ್ಯಾಹ್ನವಾಗಿತ್ತು. ಅಂಕೋಲೆಯ ಬದಿಯ ಹಳ್ಳಿಯಿಂದ ವಾರಕ್ಕೊಮ್ಮೆ ಹರಿವೆ, ಬದನೆ ಹೊತ್ತು ಹಬ್ಬುವಾಡದ ಮನೆಮನೆಗೆ ಬರುವವಳು. ಇವತ್ತು ಅವಳ ವಾರ. ಗೇಟಿನಲ್ಲೇ ಸುದ್ದಿ ಕೇಳಿ ಬುಟ್ಟಿ ಇಳಿಸಿ, ನೆಲದ ಮೇಲೆ ಕುಳಿತುಬಿಟ್ಟಳು. ಆಮೇಲೆ ಅವಳ ಕಣ್ಣು ಮೆಟ್ಟಿಲ ಬುಡದ ಕುಂಡಕ್ಕೆ ಬಿತ್ತು.

"ಅಯ್ಯೋ ಅಮ್ಮೋರೇ. ಕೊನೆಗೂ ಹೂ ಬಿಡ್ತಾ ಇದು?"

ನಿಶಾ ಹತ್ತಿರ ಹೋದಳು. ಉಳಿದ ಹೆಂಗಸರು ಸ್ನಾನಕ್ಕೆಂದು ಹಿತ್ತಲ ಬಾವಿಯ ಕಡೆ ಹೋಗುತ್ತಿದ್ದರು. "ಸೋಮಿ, ಈ ಕುಂಡ ಇಲ್ಲಿರೋದು ನಿನಗೆ ಗೊತ್ತಿತ್ತಾ?"

"ಹತ್ತು ಕುಂಡ ನಂಗೇ ಕೊಟ್ರಲ್ರಾ. ನನ್ನ ಬೇಲೀಲಿ ಅವೆ, ಒಂದೂ ಹೂ ಬಿಡ್ಲಿಲ್ಲ. ಇದೊಂದ ಕೊಡ್ಲಿಲ್ಲ. ಕೇಳ್ದೆ. ಇದು ಹೂ ಬಿಡೂ ಗಿಡ ಸೋಮಿ, ಬ್ಯಾರೆಯವರ ಮನೇಲಿ ಬಿಟ್ರೆ ಎಂತ ಮಾಡೂದು, ಅಲ್ಲೂ ಬಸರಿ ಬಾಣಂತಿ ಇರ್ತ್ರು ಅಂದ್ರು. ಎಸೆದ್ರೆ ಎಲ್ಲೋ ಬೇರು ಬಿಡ್ತದೆ, ಕಣ್ಣೆದುರಿಗೇ ಇರ್ಲಿ ಅಂದ್ರು."

ನಿಶಾ ಮೆಟ್ಟಿಲ ಮೇಲೆ ಕುಳಿತಳು.

"ನೀವು ಬಸರಾದ್ರಿ ನೋಡಿ, ಆವಾಗಿಂದ ಒಂದೇ ಮಾತು. ಹೂ ಬಿಡ್ಸೂದು ಹೆಂಗೆ ಅಂತ ಗೊತ್ತದೆ ಸೋಮಿ, ಬಿಡದ ಹಂಗೆ ಮಾಡೂದು ಹೆಂಗೆ? ನಂಗೆಂತ ಗೊತ್ತು? ಅದಕ್ಕೆ ಮಾಡಿದ್ದರ ಉಲ್ಟಾ ಮಾಡಿ ಅಂದೆ. ದೊಡ್ಡ ಕುಂಡಕ್ಕೆ ಹಾಕಿದ್ರು. ನೆಳ್ಳಿಗೆ ಇಟ್ರು. ನೀರು ಹಾಕಿದ್ರು. ದಿನಾ ಬೆಳಗಾ ಮುಂಚೆ ಎರಡು ಕೊಡ."

ನಸುಕಿನಲ್ಲಿ ಮೆಟ್ಟಿಲು ಹತ್ತುವ ಕಾಲಸಪ್ಪಳವನ್ನು ನಿಶಾ ತಿಂಗಳುಗಟ್ಟಲೆ ಕೇಳಿದ್ದಳು. ಯಾಕತ್ತೆ ಎಂದರೆ, ಟಾಂಕಿ ತೊಳೀಬೇಕು ಎನ್ನುತ್ತಿದ್ದಳು. ದಿನಾ ಯಾರು ಟಾಂಕಿ ತೊಳೆಯುತ್ತಾರೆ ಎಂದು ನಿಶಾ ಕೇಳಿರಲಿಲ್ಲ. ಮಂಡಿನೋವಿನ ಹೆಂಗಸು, ಸೊಂಟದ ಮೇಲೆ ಕೊಡ, ಇಪ್ಪತ್ತು ಮೆಟ್ಟಿಲು.

ಸೋಮಿ ಎಲೆಗಳ ಬುಡಕ್ಕೆ ಕೈ ಹಾಕಿ ಮೆಲ್ಲಗೆ ಎಳೆದಳು. ಗಿಡ ತಡೆಯಲೇ ಇಲ್ಲ. ಎರಡು ದಂಟಿನ ಸಮೇತ ಅವಳ ಕೈಗೆ ಬಂತು. ಬುಡ ಕೊಳೆತು ಕಂದು ನೀರಾಗಿತ್ತು. ಕೊಳೆತದ್ದರ ವಾಸನೆಯೂ ಹೂವಿನ ವಾಸನೆಯೂ ಒಟ್ಟಿಗೆ ಮೇಲೆದ್ದವು.

"ಇದಕ್ಕೆ ನೀರೇ ವಿಷ ಆಯ್ತು ಅಮ್ಮೋರೇ. ಸಾಯೂ ಮೊದ್ಲು ಬಿದಿರು ಹೂ ಬಿಡೂದಿಲ್ವಾ, ಹಂಗೆ. ಎರಡೂ ದಂಟು ಒಂದೇ ಬೇರಿಂದು ನೋಡಿ."

ನಿಶಾ ನೋಡಿದಳು. ಇಷ್ಟೇ, ಗಿಡ ಕೊಳೆಯಿತು, ಅದಕ್ಕೇ ಹೂ ಬಂತು ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಒಪ್ಪಿತು. ಹೊಟ್ಟೆ ಮಾತ್ರ ಕಲ್ಲಿನ ಹಾಗೆ ಸುಮ್ಮನಿತ್ತು. ಅವಳು ಅಂಗೈಯಿಂದ ಎಡಕ್ಕೆ ಒತ್ತಿದಳು, ಬಲಕ್ಕೆ ಒತ್ತಿದಳು. ಏನೂ ಇಲ್ಲ.

"ಸೋಮಿ, ಇದನ್ನ ತಕ್ಕೊಂಡು ಹೋಗಿ ಸುಟ್ಟುಬಿಡು."

"ಹಸೀದು ಸುಡೂದಿಲ್ಲ ಅಮ್ಮೋರೇ. ಗೇಟಿನ ಹೊರಗೆ ಹೂಳ್ತೆ." ಸೋಮಿ ಗಿಡ ಎತ್ತಿಕೊಂಡು ಹೋದಳು. ಹೋದ ದಾರಿಯುದ್ದಕ್ಕೂ ಕಂದು ಹನಿಗಳು ಬಿದ್ದವು.

*

ಹಜಾರದಲ್ಲಿ ಯಾರೂ ಇರಲಿಲ್ಲ. ಹಿತ್ತಲಿನಿಂದ ಬಾವಿಯ ರಾಟೆಯ ಸದ್ದು, ಗೋದಾವರಿಯ ದೊಡ್ಡ ದನಿ. ಬುಟ್ಟಿಯ ಹೆಣಿಗೆಯ ಸಂದಿಗಳಿಂದ ದೀಪದ ಬೆಳಕು ನೆಲದ ಮೇಲೆ ಚುಕ್ಕೆಚುಕ್ಕೆಯಾಗಿ ಬಿದ್ದಿತ್ತು.

ನಿಶಾ ಬುಟ್ಟಿಯ ಮುಂದೆ ನಿಂತಳು. ಹಿಟ್ಟಿನ ಮೇಲೆ ಇಲಿ ಓಡಿದರೂ ಗೋದಾವರಿ ಅದಕ್ಕೊಂದು ದಿಕ್ಕು ಹುಡುಕುತ್ತಾಳೆ. ಆ ದಿಕ್ಕು ಬಾಗಿಲ ಕಡೆಗಾದರೆ, ಇನ್ನು ಮೂರು ತಿಂಗಳು ಈ ಮನೆಗೆ ಬರುವ ಪ್ರತಿ ಹೆಂಗಸೂ ಅವಳ ಹೊಟ್ಟೆ ನೋಡಿ ಸತ್ತವಳನ್ನು ನೆನೆಯುತ್ತಾಳೆ. ಅತ್ತೆಯ ಹೆಸರು ಮಗುವನ್ನು ಕರೆದೊಯ್ಯಲು ಬಂದವಳದ್ದು ಎಂದಾಗುತ್ತದೆ. ಎರಡು ಕೊಡ ನೀರು ಹೊತ್ತವಳ ಹೆಸರು.

ಅವಳು ಕಷ್ಟಪಟ್ಟು ಮಂಡಿಯೂರಿ ಬುಟ್ಟಿಯನ್ನು ಎತ್ತಿ ಬದಿಗಿಟ್ಟಳು. ಹಿಟ್ಟು ನಯವಾಗಿ, ಯಾರೂ ಮುಟ್ಟದೆ ಇತ್ತು. ಮದುವೆಯಾದ ಮೊದಲ ಅಷ್ಟಮಿಯಲ್ಲಿ ಅತ್ತೆ ಅವಳ ಕೈ ಹಿಡಿದು ಹಿಟ್ಟಿನಲ್ಲಿ ಕೃಷ್ಣನ ಹೆಜ್ಜೆ ಮಾಡುವುದನ್ನು ಕಲಿಸಿದ್ದಳು: "ಮುಷ್ಟಿ ಬಿಗಿ ಮಾಡು. ಕಿರುಬೆರಳಿನ ಬದಿ ಒತ್ತು. ಬಲಮುಷ್ಟಿಗೆ ಬಲಗಾಲು, ಎಡಮುಷ್ಟಿಗೆ ಎಡಗಾಲು. ಆಮೇಲೆ ಐದು ಬೆರಳು, ದೊಡ್ಡದರಿಂದ ಸಣ್ಣದಕ್ಕೆ." ನಿಶಾ ಬಲಮುಷ್ಟಿ ಬಿಗಿದು ಒತ್ತಿದಳು. ತುದಿಬೆರಳಿನಿಂದ ಐದು ಚುಕ್ಕೆ ಇಟ್ಟಳು. ಕೊನೆಯದನ್ನು ಇಡುವಾಗ ಬೆರಳು ಜಾರಿ ಚುಕ್ಕೆ ಸ್ವಲ್ಪ ಉದ್ದವಾಯಿತು. ಒಂದು ಹೆಜ್ಜೆ, ಮಗುವಿನದು, ಒಳಗೆ ಅಡುಗೆಮನೆಯ ಕಡೆ ಮುಖ ಮಾಡಿದ್ದು.

ಎಡಗೈ ನೆಲಕ್ಕೆ ಆನಿಕೊಂಡು ಭಾರ ತಡೆಯುತ್ತಿತ್ತು. ಇನ್ನೊಂದು ಒತ್ತಲೋ ಎಂದು ಯೋಚಿಸುವಷ್ಟರಲ್ಲಿ ಮೇಲೆ ತಾರಸಿಯಲ್ಲಿ ಕೊಡ ನೆಲಕ್ಕಿಟ್ಟ ಸದ್ದಾಯಿತು.

ಅವಳು ತಲೆ ಎತ್ತಿದಳು. ತಾಮ್ರದ ಕೊಡ ಸಿಮೆಂಟಿನ ಮೇಲೆ ಕುಳಿತ ಸದ್ದು. ಆಮೇಲೆ ನೀರು ಮಣ್ಣಿಗೆ ಇಂಗುವಾಗಿನ ಸಣ್ಣ ಸದ್ದು, ಬಹಳ ಹೊತ್ತು. ಟಾಂಕಿ ತುಂಬಿ ಹರಿಯುತ್ತಿರಬೇಕು ಎಂದುಕೊಂಡು ಬುಟ್ಟಿಯನ್ನು ಮುಚ್ಚಿ ಎದ್ದಳು. ಅಡುಗೆಮನೆಗೆ ಹೋಗಿ ಕೈ ತೊಳೆಯಲು ನಲ್ಲಿ ತಿರುಗಿಸಿದಳು. ನೀರು ಬರಲಿಲ್ಲ. ಬೆಳಗಿನಿಂದ ಯಾರಿಗೂ ಪಂಪು ಹಾಕುವ ನೆನಪಾಗಿರಲಿಲ್ಲ.

*

ನಾಲ್ಕು ಗಂಟೆಗೆ ಗಂಡಸರು ಬಂದರು. ಕಾಲು ತೊಳೆದು, ಬೇವಿನ ಎಲೆ ಕಚ್ಚಿ, ಒಬ್ಬೊಬ್ಬರಾಗಿ ಒಳಗೆ ಬಂದು ಬುಟ್ಟಿಯ ಸುತ್ತ ನಿಂತರು. ತಲೆ ಬೋಳಿಸಿದ ರೂಪೇಶ ಯಾರೋ ಬೇರೆಯವನ ಹಾಗೆ ಕಾಣುತ್ತಿದ್ದ. ನಿಶಾಳಿಗೆ ದೂರದಲ್ಲಿ, ಅಡುಗೆಮನೆಯ ಹೊಸ್ತಿಲಲ್ಲಿ, ಕುರ್ಚಿ ಹಾಕಿ ಕೊಟ್ಟಿದ್ದರು.

"ತೆಗಿ ಅಕ್ಕಾ," ಮಾಬ್ಲೇಶ್ವರ ಅಂದ.

ಗೋದಾವರಿ ಬುಟ್ಟಿ ಎತ್ತಿದಳು. ಎಲ್ಲರೂ ಬಗ್ಗಿ ನೋಡಿದರು. ಆಮೇಲೆ ಅವಳ ಕೈಯಿಂದ ಬುಟ್ಟಿ ಜಾರಿತು.

"ಬಂದಾಳೆ! ಒಳಗೇ ಮುಖ ಮಾಡಿ ಬಂದಾಳೆ ನನ್ನ ತಂಗಿ! ಕೂಸಿನ ಕಾಲು ನೋಡ್ರೋ, ಕೂಸಿನ ಕಾಲು!"

ಮಾಬ್ಲೇಶ್ವರ ಕೈ ಮುಗಿದ. ರೂಪೇಶ ಬೆಳಗಿನಿಂದ ಅಳದವನು ಗೋಡೆಗೆ ಹಣೆಯಿಟ್ಟು ಅತ್ತ. ಗೋದಾವರಿ ಓಡಿಬಂದು ನಿಶಾಳ ಎರಡೂ ಕೆನ್ನೆ ಸವರಿ ಲಟಿಗೆ ಮುರಿದಳು. "ಇನ್ನು ಹೆದ್ರಿಕೆ ಇಲ್ಲ ಬಾಯೋ. ನಿನ್ನ ಹತ್ರಾನೇ ಬರ್ತದೆ. ನೋಡು, ಹೆಂಗೆ ನಡ್ಕೊಂಡು ಬರ್ತದೆ ನೋಡು."

ನಡೆದುಕೊಂಡು ಎಂಬ ಮಾತು ಕೇಳಿ ನಿಶಾ ಕುರ್ಚಿಯಿಂದ ಎದ್ದಳು.

ಅವಳು ಒತ್ತಿದ ಬಲಗಾಲಿನ ಹೆಜ್ಜೆ ಹಾಗೇ ಇತ್ತು, ಕಿರುಬೆರಳಿನ ಚುಕ್ಕೆ ಉದ್ದವಾಗಿ ಎಳೆದದ್ದು ಸಹ. ಅದರ ಮುಂದೆ, ಅವಳ ಕಡೆಗೆ ಒಂದು ಗೇಣು ಹತ್ತಿರದಲ್ಲಿ, ಎಡಗಾಲಿನ ಹೆಜ್ಜೆ ಇತ್ತು.

ಹೊಟ್ಟೆಯೊಳಗೆ, ಬೆಳಗಿನಿಂದ ಸುಮ್ಮನಿದ್ದದ್ದು, ಒಂದು ಸಲ ಒದೆಯಿತು.

ಎಡಗಾಲಿನ ಹಿಮ್ಮಡಿ ಊರಿದಲ್ಲಿ ಹಿಟ್ಟು ಒದ್ದೆಯಾಗಿತ್ತು. ಅವಳು ನೋಡುತ್ತಿದ್ದ ಹಾಗೆ ಆ ಒದ್ದೆ ಸುತ್ತಲಿನ ಬಿಳಿಗೆ ನಿಧಾನವಾಗಿ ಹರಡುತ್ತಿತ್ತು.